ನಾಡದೋಣಿಯವರ ಮನವಿ ಬರೆಯುತ್ತಿದ್ದೇವೆ: 6 ಕಿಲೋಮೀಟರಿನ ಗೆರೆ ನೀರಿನ ಮೇಲೆ ಎಲ್ಲಿದೆ?

ಕಂತಬಲೆ_ಉಪ್ಪುಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಬೈಂದೂರು ತಾಲೂಕಿನ ಉಪ್ಪುಂದದವನು. ನಾನು, ನನ್ನ ಅಣ್ಣ ಸೇರಿ ಒಂದು ನಾಡದೋಣಿ ಇಟ್ಟುಕೊಂಡಿದ್ದೇವೆ. 10 ಎಚ್‌ಪಿ ಎಂಜಿನ್, ಕಂತಬಲೆ (ನೀರಿನಲ್ಲಿ ಗೋಡೆಯ ಹಾಗೆ ಇಳಿಬಿಡುವ ಬಲೆ, ಮೀನು ತಾನೇ ಬಂದು ಸಿಕ್ಕಿಕೊಳ್ಳುತ್ತದೆ). ನಮ್ಮ ಜೊತೆ ಇನ್ನಿಬ್ಬರು ಬರುತ್ತಾರೆ. ನಾಲ್ಕು ಮನೆ ಈ ಒಂದು ದೋಣಿಯ ಮೇಲೆ ನಡೆಯುತ್ತದೆ.

ನಮ್ಮ ಸುತ್ತಮುತ್ತಲಿನ ಸಣ್ಣ ದೋಣಿಯವರು ಸುಮಾರು 30 ಜನ ಸೇರಿ ಸರ್ಕಾರಕ್ಕೆ ಒಂದು ಮನವಿ ಕೊಡಬೇಕು ಅಂತ ಇದ್ದೇವೆ. ಬರೆಯುವ ಕೆಲಸ ನನಗೆ ಒಪ್ಪಿಸಿದ್ದಾರೆ. ಪರಿಹಾರದ ದುಡ್ಡು ಜಾಸ್ತಿ ಮಾಡಿ ಅನ್ನುವ ಮನವಿ ಅಲ್ಲ ಇದು. ಮೀನುಗಾರಿಕೆಯ ನಿಯಮವನ್ನೇ ಸರಿ ಮಾಡಿ ಅನ್ನುವ ಮನವಿ. ಏನು ಕೇಳಬೇಕು, ಹೇಗೆ ಕೇಳಬೇಕು ಅಂತ ತಿಳಿದವರು ಹೇಳಿ. ಅದಕ್ಕೆ ಮೊದಲು ನಮ್ಮ ಕಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಳೆದ ನವೆಂಬರ್‌ನಲ್ಲಿ ಒಂದು ಸಂಜೆ ಬಲೆ ಬಿಟ್ಟೆವು. ಏಳೆಂಟು ಮಾರು ಆಳದ ನೀರು. ಒಂದು ಮಾರು ಅಂದ್ರೆ ಎರಡೂ ಕೈ ಚಾಚಿದಷ್ಟು, ನಾವು ಕಡಲಿನ ಆಳ ಅಳೆಯುವುದು ಅದರಲ್ಲೇ. ದಡದ ಮನೆಗಳ ದೀಪ ಒಂದೊಂದಾಗಿ ಎಣಿಸುವಷ್ಟು ಹತ್ತಿರ. ಬಲೆಯ ಎರಡೂ ತುದಿಗೆ ಥರ್ಮಾಕೋಲ್ ಕಟ್ಟಿ, ಅದರ ಮೇಲೆ ಮಿನುಗುವ ದೀಪ ಇಟ್ಟಿದ್ದೆವು. ರಾತ್ರಿ ಹನ್ನೊಂದರ ಹೊತ್ತಿಗೆ ಕಡಲ ತಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ಸದ್ದು ಹತ್ತಿರ ಬಂತು. ಅಣ್ಣ ಎದ್ದು ನಿಂತು ಟಾರ್ಚ್ ಬೀಸಿದ, ಗಂಟಲು ಹರಿಯುವ ಹಾಗೆ ಕೂಗಿದ. ಬೋಟು ನಿಲ್ಲಲಿಲ್ಲ.

ಬೆಳಗಿನ ಜಾವ ಎಳೆದಾಗ 12 ತುಂಡು ಬಲೆಯಲ್ಲಿ ಸಿಕ್ಕಿದ್ದು 5. ಮೇಲಿನ ಹಗ್ಗ ಕತ್ತಿಯಲ್ಲಿ ಕೊಯ್ದ ಹಾಗೆ ಇರಲಿಲ್ಲ. ಎಳೆದು ಎಳೆದು, ಎಳೆ ಎಳೆಯಾಗಿ ಬಿಚ್ಚಿ ಹರಿದಿತ್ತು. ತುದಿ ಮುಟ್ಟಿದರೆ ಹತ್ತಿಯ ಹಾಗೆ ಮೆತ್ತಗೆ. ಉಳಿದ ಬಲೆಯಲ್ಲಿ ಎಂಟು ಬಂಗುಡೆ, ಒಂದು ಸಣ್ಣ ಅಂಜಲ್ ಇತ್ತು. ಅದನ್ನು ಬಿಡಿಸುವಾಗ ಯಾರೂ ಮಾತಾಡಲಿಲ್ಲ. ಬಲೆ, ಸೀಸ, ಹಗ್ಗ, ಬೋಯ ಎಲ್ಲ ಲೆಕ್ಕ ಹಾಕಿದಾಗ 60 ಸಾವಿರ ರೂಪಾಯಿಯ ಹತ್ತಿರ ಹೋಗಿತ್ತು.

ದೂರು ಕೊಡಲು ಹೋದೆವು. ಎರಡು ಪ್ರಶ್ನೆ ಕೇಳಿದರು. ಬೋಟಿನ ನಂಬರು ಏನು? ದಡದಿಂದ ಎಷ್ಟು ಕಿಲೋಮೀಟರ್? ನಂಬರು ಕತ್ತಲಲ್ಲಿ ಕಾಣಲಿಲ್ಲ. ಕಿಲೋಮೀಟರ್ ನಮಗೆ ಗೊತ್ತಿಲ್ಲ. ಅಣ್ಣ "ಎಂಟು ಮಾರು" ಅಂದ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಅರ್ಜಿಯಲ್ಲಿ ಮಾರು ಬರೆಯುವ ಜಾಗ ಇಲ್ಲ.

ಆಮೇಲೆ ನಾನು ವಿಚಾರಿಸಿದೆ. ನಮ್ಮ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದ್ದು. ದಡದಿಂದ 6 ಕಿಲೋಮೀಟರ್ ಒಳಗಿನ ನೀರು ಸಾಂಪ್ರದಾಯಿಕ ದೋಣಿಗೆ. ಅದರಾಚೆ 20 ಕಿಲೋಮೀಟರ್ ತನಕ 50 ಅಡಿ ಒಳಗಿನ ಬೋಟುಗಳಿಗೆ. ಅದಕ್ಕೂ ಆಚೆ ದೊಡ್ಡವಕ್ಕೆ. ಓದಿದಾಗ ನನಗೆ ನಿಜವಾಗಿಯೂ ಆಶ್ಚರ್ಯ ಆಯ್ತು. ಇಷ್ಟು ಒಳ್ಳೆಯ ನಿಯಮ ಮೊದಲೇ ಇದೆ ಅಂತ ನಮ್ಮ ಕರಾವಳಿಯ ಎಷ್ಟು ಜನರಿಗೆ ಗೊತ್ತು? ನನಗಂತೂ ಇಪ್ಪತ್ತು ವರ್ಷ ದೋಣಿಯಲ್ಲಿ ಹೋದ ಮೇಲೆ ಗೊತ್ತಾಯ್ತು.

ಆದರೆ ಆ ಗೆರೆ ನೀರಿನ ಮೇಲೆ ಇಲ್ಲ. ಕಾಯುವವರೂ ಇಲ್ಲ. ಎಲ್ಲರ ಕಣ್ಣಿಗೆ ಬೀಳುವ ನಿಯಮ ಒಂದೇ, ಜೂನ್ 1ರಿಂದ ಜುಲೈ 31ರ ತನಕದ 61 ದಿನದ ನಿಷೇಧ. ಅದು ಚೆನ್ನಾಗಿ ನಡೆಯುತ್ತದೆ, ಯಾಕಂದ್ರೆ ಬಂದರಿನಲ್ಲಿ ಕಟ್ಟಿಹಾಕಿದ ಬೋಟನ್ನು ಎಣಿಸುವುದು ಸುಲಭ. ಉಳಿದ ಹತ್ತು ತಿಂಗಳು ಯಾರು ಎಲ್ಲಿ ಬಲೆ ಎಳೆಯುತ್ತಾರೆ ಅನ್ನುವುದನ್ನು ಕೇಳುವವರಿಲ್ಲ.

"ನಿಮಗೆ ಮಳೆಗಾಲದಲ್ಲಿ ವಿನಾಯಿತಿ ಇದೆಯಲ್ಲ" ಅಂತ ಪೇಟೆಯವರು ಹೇಳುತ್ತಾರೆ. ಇದೆ. 10 ಎಚ್‌ಪಿ ಒಳಗಿನ ದೋಣಿ ಆ 61 ದಿನವೂ ಹೋಗಬಹುದು. ಆದರೆ ಆಗಿನ ಕಡಲು ನೋಡಿದ್ದೀರಾ? ಅಳಿವೆ ಬಾಗಿಲಿನಲ್ಲಿ ತೆರೆ ಎದ್ದು ನಿಂತಿರುತ್ತದೆ. 2020ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಕೊಡೇರಿಯಲ್ಲಿ ನಾಡದೋಣಿ ಮಗುಚಿ ನಾಲ್ವರು ತೀರಿಹೋದರು. ಅವತ್ತಿನಿಂದ ಮಳೆಗಾಲದಲ್ಲಿ ದೋಣಿ ನೂಕುವಾಗ ಅಮ್ಮ ದಡಕ್ಕೆ ಬಂದು ನಿಲ್ಲುತ್ತಾಳೆ. ನಾವು ವಾಪಸ್ ಬರುವ ತನಕ ಮನೆಗೆ ಹೋಗುವುದಿಲ್ಲ. ದೊಡ್ಡ ಬೋಟು ಹೋಗಲಾಗದ ಕಡಲನ್ನು ಸಣ್ಣ ದೋಣಿಗೆ ಬಿಟ್ಟುಕೊಟ್ಟು, ಸಣ್ಣ ದೋಣಿ ಹೋಗಬಹುದಾದ ಶಾಂತ ಕಡಲನ್ನು ಕಾಯದೇ ಇದ್ದರೆ ಆ ವಿನಾಯಿತಿಯಿಂದ ಮನೆ ನಡೆಯುತ್ತದಾ?

ಇನ್ನೊಂದು ಮಾತು. ನನ್ನ ಅಜ್ಜ ರಂಪಣಿಯವರು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ದಾರಿಯಲ್ಲಿ ಹೋಗುವವನು ಬಂದು ಎಳೆದರೂ ಅವನ ಬುಟ್ಟಿಗೆ ಬೊಗಸೆ ಮೀನು ಬೀಳುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟು ಬಂತು. ಬೈಗೆ (ಬೂತಾಯಿ), ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತು ಹಾಕಿ ಎತ್ತಿಬಿಡುತ್ತಿತ್ತು. ಕೆಲವೇ ವರ್ಷದಲ್ಲಿ ರಂಪಣಿ ಮುಗಿಯಿತು. ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ ಅಷ್ಟೇ. ಅಜ್ಜ ಹೇಳುತ್ತಿದ್ದರು, "ಬಲೆ ಹರಿದದ್ದಲ್ಲ ಮಗಾ, ಬಲೆ ಹಾಗೇ ಇತ್ತು, ಮೀನು ಬರುವುದು ನಿಂತಿತು." ಈಗ ಕಂತಬಲೆಗೂ ಅದೇ ಆಗುತ್ತಿದೆ ಅಂತ ನನಗೆ ಭಯ.

ಜನವರಿಯಲ್ಲಿ ಒಂದು ದಿನ ಬಂದರಿಗೆ ಐಸ್ ತರಲು ಹೋಗಿದ್ದೆ. ಲಾರಿಗೆ ತುಂಬುತ್ತಿದ್ದ ಬೈಗೆ ನೋಡಿದೆ. ನನ್ನ ಮಗಳ ಸ್ಕೇಲು ಅಂಗಿಯ ಜೇಬಿನಲ್ಲೇ ಇತ್ತು, ಬಲೆಯ ಕಣ್ಣು ಅಳೆಯಲು ಇಟ್ಟುಕೊಂಡದ್ದು. ಒಂದು ಹಿಡಿ ತೆಗೆದು ಅಳೆದೆ. ಎಂಟು, ಎಂಟೂವರೆ, ಎಂಟು, ಒಂಬತ್ತು ಸೆಂಟಿಮೀಟರ್. ತೋರುಬೆರಳಿಗಿಂತ ಸ್ವಲ್ಪ ಉದ್ದ. ಅದು ಯಾರ ಮನೆಯ ಸಾರಿಗೂ ಹೋಗುವ ಮೀನಲ್ಲ. ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುವ ಮೀನು. ನಾಲ್ಕು ತಿಂಗಳು ಬಿಟ್ಟಿದ್ದರೆ ಅದೇ ಮೀನು ನಮ್ಮ ಬಲೆಗೂ ಬರುತ್ತಿತ್ತು, ಪರ್ಸಿನ್‌ಗೂ ಸಿಗುತ್ತಿತ್ತು.

ಸದ್ಯ ನಾನು ಬರೆದುಕೊಂಡಿರುವುದು ಇಷ್ಟು. 6 ಕಿಲೋಮೀಟರಿನ ಒಳಗೆ ವರ್ಷವಿಡೀ ಕಾವಲು ಬೇಕು. ಆ ಗೆರೆಯನ್ನು ಮಾರಿನ ಲೆಕ್ಕದಲ್ಲೂ ಬರೆಯಬೇಕು. ಬಲೆ ಹರಿದರೆ ಪರಿಹಾರ ಕೊಡಿಸುವ ದಾರಿ ಬೇಕು. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದು ನಿಜವಾಗಿ ನಿಲ್ಲಬೇಕು. ಇದಕ್ಕೆ ಹೊಸ ಕಾಯ್ದೆಯೇ ಬೇಕಾ? ಮನವಿ ಯಾರಿಗೆ ಕೊಡಬೇಕು, ಬೆಂಗಳೂರಿಗಾ, ದೆಹಲಿಗಾ? ದಯವಿಟ್ಟು ತಿಳಿಸಿ.

ಹಳೇ_ಇಲಾಖೆಯವ ಉತ್ತರಿಸಿದ್ದು

ನಿಮ್ಮ ಬರಹ ಎರಡು ಸಲ ಓದಿದೆ. ನಾನು ಮೀನುಗಾರಿಕೆ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಅರ್ಜಿಯಲ್ಲಿ ಮಾರು ಬರೆಯುವ ಜಾಗ ಇಲ್ಲ ಅಂದ ಮಾತು ನನಗೆ ನೋವಾಯ್ತು, ಯಾಕಂದ್ರೆ ಅದು ನಿಜ.

ಮೊದಲು ಕಡಲು ಯಾರದ್ದು ಅನ್ನುವುದು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ರಾಜ್ಯದ್ದು. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದೆ. ಅದರಾಚೆ 200 ನಾಟಿಕಲ್ ಮೈಲು ತನಕ ಕೇಂದ್ರದ್ದು. ನಿಮ್ಮ ಬಲೆ ಹರಿದದ್ದು ರಾಜ್ಯದ ನೀರಿನಲ್ಲಿ. ಹಾಗಾಗಿ ಮನವಿ ಬೆಂಗಳೂರಿಗೇ ಹೋಗಬೇಕು, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೂ ಕೊಡಿ.

ಹೊಸ ಕಾಯ್ದೆ ಕೇಳಬೇಡಿ. ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ. 1986ರ ಕಾಯ್ದೆಯಲ್ಲೇ ಸರ್ಕಾರಕ್ಕೆ ದೊಡ್ಡ ಅಧಿಕಾರ ಇದೆ. ಯಾವ ಜಾಗದಲ್ಲಿ ಯಾವ ದೋಣಿ, ಯಾವ ಬಲೆ, ಯಾವ ಹೊತ್ತು ಅಂತ ಆದೇಶ ಮಾಡಿ ನಿಯಂತ್ರಿಸಬಹುದು. ಸಾಂಪ್ರದಾಯಿಕ ದೋಣಿಯಲ್ಲಿ ಹೋಗುವವರ ಹಿತ ಕಾಯುವುದು ಆ ಅಧಿಕಾರಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಆದ್ದರಿಂದ ನಿಮ್ಮ ಮನವಿಯ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ. ನೀವು ಹೊಸದಾಗಿ ಏನೋ ಬೇಡುತ್ತಿಲ್ಲ, ಕಾಯ್ದೆ ಯಾರಿಗಾಗಿ ಬಂತೋ ಅವರಿಗೆ ತಲುಪಿಸಿ ಅನ್ನುತ್ತಿದ್ದೀರಿ.

ಕೋರ್ಟಿಗೆ ಹೋದರೆ ಬಿದ್ದುಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ, ಕೇರಳದ ಉದಾಹರಣೆ ಕೊಡಿ. ತನ್ನ ಕಡಲ ಗಡಿಯ ಒಳಗೆ ಕೇರಳ ಪರ್ಸಿನ್ ಬಲೆ ನಿಷೇಧಿಸಿತ್ತು. ಬೋಟಿನವರು ಕೋರ್ಟಿಗೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಬಡ ಮೀನುಗಾರರ ಬದುಕು ಕಾಯಲು ಇಂಥ ನಿರ್ಬಂಧ ಹಾಕಬಹುದು ಅಂತ ಒಪ್ಪಿತು.

ಎಲ್‌ಇಡಿ ವಿಷಯ. 2017ರ ನವೆಂಬರ್‌ನಲ್ಲೇ ಕೇಂದ್ರ ತನ್ನ ನೀರಿನಲ್ಲಿ ಎಲ್‌ಇಡಿ ಮೀನುಗಾರಿಕೆ, ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ನಿಷೇಧಿಸಿದೆ. 2025ರ ನವೆಂಬರ್‌ನಲ್ಲಿ ಹೊಸ ನಿಯಮ ತಂದಿದೆ. ಅದರಲ್ಲೂ ಈ ನಿಷೇಧ ಇದೆ. 12 ಮೈಲಿನಾಚೆ ಹೋಗುವ ಯಾಂತ್ರೀಕೃತ ಬೋಟುಗಳು ಆನ್‌ಲೈನ್‌ನಲ್ಲಿ ಪಾಸ್ ಪಡೆಯಬೇಕು. ಸಣ್ಣ ಸಾಂಪ್ರದಾಯಿಕ ದೋಣಿಗೆ ಪಾಸ್ ಬೇಡ. ಹೀಗಾಗಿ ಕಾಗದದ ಮೇಲೆ ಕೊರತೆ ಇಲ್ಲ. ಕೊರತೆ ಇರುವುದು ಕಾವಲು ಬೋಟು, ಅದಕ್ಕೆ ಡೀಸೆಲ್, ಅದನ್ನು ಓಡಿಸುವ ಜನ, ಈ ಮೂರರಲ್ಲಿ. ನಾನು ಕೆಲಸದಲ್ಲಿದ್ದಾಗ ಎಷ್ಟೋ ಸಲ ಫೋನು ಬರುತ್ತಿತ್ತು, "ಸರ್, ಈಗ ಇಲ್ಲೇ ಇದ್ದಾರೆ ಬನ್ನಿ" ಅಂತ. ಹೋಗಲು ನಮ್ಮ ಬಳಿ ಬೋಟು ಇರುತ್ತಿರಲಿಲ್ಲ. ಆ ಫೋನುಗಳು ಇನ್ನೂ ಕಿವಿಯಲ್ಲಿವೆ.

ಅದಕ್ಕೇ ಒಂದು ಹೊಸ ವಿಷಯ ಸೇರಿಸಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ದೇಶದ 1 ಲಕ್ಷ ಮೀನುಗಾರಿಕಾ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆ ಶುರು ಮಾಡಿತು. ಬೋಟು ಎಲ್ಲಿದೆ ಅಂತ ಉಪಗ್ರಹದ ಮೂಲಕ ದಡಕ್ಕೆ ತಿಳಿಯುತ್ತದೆ. ತುಫಾನ್ ಬಂದಾಗ ಜೀವ ಉಳಿಸಲು ಅದು ಬೇಕೇ ಬೇಕು. ಅದೇ ಮಾಹಿತಿಯನ್ನು 6 ಕಿಲೋಮೀಟರಿನ ಗೆರೆ ಕಾಯಲೂ ಬಳಸಿ ಅಂತ ಕೇಳಿ. ಆಗ ಕತ್ತಲಲ್ಲಿ ನಂಬರು ಕಾಣಲಿಲ್ಲ ಅನ್ನುವ ಸಮಸ್ಯೆ ಬರುವುದಿಲ್ಲ.

ತಾಂಡೇಲ_ಮಲ್ಪೆ ಉತ್ತರಿಸಿದ್ದು

ನಾನು ಟ್ರಾಲ್ ಬೋಟಿನ ತಾಂಡೇಲ, ಅಂದ್ರೆ ಬೋಟು ನಡೆಸುವವನು. ಊರು ಭಟ್ಕಳದ ಕಡೆ. ಬೋಟು ನನ್ನದಲ್ಲ, ನಾನು ಪಾಲಿಗೆ ದುಡಿಯುವವನು. ನಿಮ್ಮ ಬಲೆ ಹರಿದದ್ದು ಓದಿ ಬೇಜಾರಾಯ್ತು ಮಾರಾಯ್ರೆ. ನನ್ನ ಅಪ್ಪನೂ ಕಂತಬಲೆಯವರೇ. ಆದರೆ ಎಲ್ಲ ಟ್ರಾಲ್ ಬೋಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ.

ನಾವು ಹತ್ತು ಹನ್ನೆರಡು ದಿನಕ್ಕೆ ಹೋಗುವವರು. ನಮಗೆ ದಡದಲ್ಲಿ ಕೆಲಸ ಇಲ್ಲ. ದಡದ ಹತ್ತಿರ ಜಾಸ್ತಿ ಎಳೆಯುವುದು ಅವತ್ತೇ ಹೋಗಿ ಅವತ್ತೇ ಬರುವ ದಿನದ ಬೋಟುಗಳು. ಮಳೆ ಮುಗಿದು ಸಿಗಡಿ ದಡಕ್ಕೆ ಬಂದಾಗ ಆಸೆ ತಡೆಯಲಾಗುವುದಿಲ್ಲ. ಡೀಸೆಲ್ ಕಡಿಮೆ ಖರ್ಚು, ಸಂಜೆಗೆ ದುಡ್ಡು. ತಪ್ಪು ಅಂತ ಅವರಿಗೂ ಗೊತ್ತು. ಒಬ್ಬ ಬಂದ ಮೇಲೆ ಇನ್ನೊಬ್ಬ ಬರುತ್ತಾನೆ, ಯಾಕಂದ್ರೆ ಬಾರದವನಿಗೆ ನಷ್ಟ. ಗೆರೆ ಕಾದರೆ ನಮ್ಮಲ್ಲೂ ಅರ್ಧ ಜನ ಸಂತೋಷಪಡುತ್ತಾರೆ.

ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ನಾಡದೋಣಿ ಅಂದ್ರೆ ಎಲ್ಲ ಸಣ್ಣದು ಅಲ್ಲ ಅಲ್ವಾ? ಮೀನಿನ ಹಿಂಡಿಗೆ ಸುತ್ತು ಹಾಕುವ ಮಾಟುಬಲೆ ಹಿಡಿದು ಎರಡು ಮೂರು ದೋಣಿಯಲ್ಲಿ 30, 40 ಜನ ಹೋಗುತ್ತಾರೆ. ಅವರೂ ನಾಡದೋಣಿಯವರೇ. ಆ ಬಲೆಯ ಕಣ್ಣು ಎಷ್ಟು ಸಣ್ಣದು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮರಿ ಬೈಗೆ ಹಿಂಡು ಸಿಕ್ಕಿದರೆ ಅವರು ಬಿಟ್ಟುಬರುತ್ತಾರಾ? ಅವರು ಹೋಗುವುದು ಜೂನ್, ಜುಲೈಯಲ್ಲೂ. ಮೀನು ಮೊಟ್ಟೆ ಇಡುವ ಹೊತ್ತು ಅಂತ ನಾವು 61 ದಿನ ಬೋಟು ಕಟ್ಟಿ ಕೂತಿರುತ್ತೇವೆ. ಆ ಎರಡು ತಿಂಗಳು ನನ್ನ ಮನೆಯಲ್ಲೂ ಸಾಲ ಮಾಡಿಯೇ ಅಕ್ಕಿ ತರುವುದು. ನಿಮ್ಮ ಮನವಿಯಲ್ಲಿ ದೊಡ್ಡವರ ತಪ್ಪು ಮಾತ್ರ ಬರೆದರೆ ನಮ್ಮ ಕಡೆಯವರು ಎದುರು ಮನವಿ ಕೊಡುತ್ತಾರೆ. ಆಮೇಲೆ ಎರಡೂ ಕಪಾಟಿಗೆ ಹೋಗುತ್ತದೆ.

ಕಂತಬಲೆ_ಉಪ್ಪುಂದ ಉತ್ತರಿಸಿದ್ದು

ಸರ್, ತುಂಬಾ ಉಪಕಾರ ಆಯ್ತು. ಕೇರಳದ ತೀರ್ಪಿನ ವಿಷಯ ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಾಲು ನೀವು ಹೇಳಿದ ಹಾಗೇ ಬರೆಯುತ್ತೇನೆ.

ತಾಂಡೇಲರೇ, ಸಿಟ್ಟು ಬರಲಿಲ್ಲ. ನಿನ್ನೆ ರಾತ್ರಿ ನಿಮ್ಮ ಮಾತು ಓದಿ ಮಲಗಿದರೆ ನಿದ್ದೆ ಬರಲಿಲ್ಲ, ಅಷ್ಟೇ. ನನ್ನ ಚಿಕ್ಕಪ್ಪನ ಮಕ್ಕಳು ಮಾಟುಬಲೆಯಲ್ಲೇ ಹೋಗುವುದು. ಹೋದ ವರ್ಷ ಮಳೆಗಾಲದಲ್ಲಿ ಮರಿ ಬೈಗೆ ತುಂಬಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಅವತ್ತು ಏನೂ ಹೇಳಲಿಲ್ಲ. ಇಪ್ಪತ್ತು ದಿನ ಕಡಲಿಗೆ ಇಳಿಯದೇ ಕೂತವರು ಅವರು. ಮನೆಯಲ್ಲಿ ಮದುವೆ ಬೇರೆ ಇತ್ತು. ಏನಂತ ಹೇಳಲಿ ಅನ್ನಿಸಿತು. ಆದರೆ ಬಂದರಿನ ಲಾರಿಯಲ್ಲಿದ್ದ ಮೀನನ್ನು ಸ್ಕೇಲು ಇಟ್ಟು ಅಳೆದವನು, ಮನೆಯವರ ದೋಣಿಯ ಮೀನನ್ನು ಅಳೆಯಲಿಲ್ಲ. ಇದು ಸರಿಯಲ್ಲ.

ಹಾಗಾಗಿ ಮನವಿಯಲ್ಲಿ ಬಲೆಯ ಕಣ್ಣಿನ ಅಳತೆ ಎಲ್ಲರಿಗೂ ಒಂದೇ ಇರಲಿ ಅಂತ ಬರೆಯುತ್ತೇನೆ, ಮಾಟುಬಲೆಗೂ. ಭಾನುವಾರದ ಸಭೆಯಲ್ಲಿ ಜಗಳ ಆಗುತ್ತದೆ, ಗೊತ್ತು. ಆದರೆ ಒಂದು ಸೇರಿಸಬೇಕು. ಇರುವ ಬಲೆಯನ್ನು ಬದಲಾಯಿಸಲು ದುಡ್ಡು ಬೇಕು. ನಾಳೆಯಿಂದ ಈ ಬಲೆ ನಿಷೇಧ ಅಂದ್ರೆ ಸಾಲ ಮಾಡಿ ಬಲೆ ತಂದವನು ಸತ್ತುಹೋಗುತ್ತಾನೆ. ಎರಡು ವರ್ಷ ಸಮಯ, ಬಲೆ ಬದಲಿಸಲು ಸಹಾಯಧನ. ಇದು ಇಲ್ಲದೆ ಅಳತೆ ಮಾತ್ರ ಬಂದರೆ ನಾನೂ ಒಪ್ಪುವುದಿಲ್ಲ.

ಗಂಗೊಳ್ಳಿ_ಹುಡುಗಿ ಉತ್ತರಿಸಿದ್ದು

ಅಣ್ಣಾ, ಇಲ್ಲಿ ತನಕ ಎಲ್ಲರೂ ದೋಣಿ, ಬಲೆ ಅಂತ ಮಾತಾಡಿದ್ರಿ. ಮೀನು ದಡಕ್ಕೆ ಬಂದ ಮೇಲಿನ ಕಥೆಯನ್ನು ಯಾರೂ ಹೇಳಲಿಲ್ಲ. ನನ್ನ ಅಮ್ಮ 32 ವರ್ಷದಿಂದ ಬುಟ್ಟಿಯಲ್ಲಿ ಮೀನು ಮಾರುತ್ತಾರೆ. ಅವರ ತಲೆಯ ನಡುವೆ, ಸಿಂಬಿ ಇಡುವ ಜಾಗದಲ್ಲಿ, ಕೂದಲು ತೆಳ್ಳಗಾಗಿ ನೆತ್ತಿ ಕಾಣುತ್ತದೆ. ಆ ಬುಟ್ಟಿಯಿಂದಲೇ ನಾನು ಡಿಗ್ರಿ ಓದಿದ್ದು.

ಅಮ್ಮ ಯಾಕೆ ಸಣ್ಣ ದೋಣಿಯ ಪರ ಅಂದ್ರೆ ಕಾರಣ ಇದೆ. ದೊಡ್ಡ ಬಂದರಿನ ಏಲಂನಲ್ಲಿ ಮೀನು ರಾಶಿಗಟ್ಟಲೆ ಹೋಗುತ್ತದೆ. ಬಾಕ್ಸ್ ಲೆಕ್ಕ. ಅಲ್ಲಿ ಕೂಗುವವರು ಕಂಪನಿಯವರು, ಲಾರಿಯವರು. ನಮ್ಮಮ್ಮನ ಕೈಯಲ್ಲಿ ಇರುವುದು ಎರಡು, ಮೂರು ಸಾವಿರ ರೂಪಾಯಿ. ನಾಲ್ಕೈದು ಹೆಂಗಸರು ಸೇರಿ ಒಂದು ಬಾಕ್ಸ್ ಹಿಡಿದು ಹಂಚಿಕೊಳ್ಳಬೇಕು. ದಡಕ್ಕೆ ಬರುವ ನಾಡದೋಣಿಯಲ್ಲಿ ಹಾಗಲ್ಲ. ಅರ್ಧ ಬುಟ್ಟಿ ಕಾಣೆ ಮೀನು, ಹತ್ತು ಬಂಗುಡೆ ಅಂತ ಕೂಡ ಸಿಗುತ್ತದೆ. ಇವತ್ತು ಅರ್ಧ ಕೊಟ್ಟು, ನಾಳೆ ಮಾರಿ ಉಳಿದದ್ದು ಕೊಡ್ತೇನೆ ಅಂದರೂ ನಡೆಯುತ್ತದೆ. ಮೀನು ಇನ್ನೂ ಮಿಡುಕುತ್ತಿರುತ್ತದೆ, ಐಸ್ ಬೇಡ. ಒಂದು ನಾಡದೋಣಿ ನಿಂತರೆ ಅದರ ಹಿಂದೆ ಮೂರು ಬುಟ್ಟಿ ನಿಲ್ಲುತ್ತದೆ.

ಅದಕ್ಕೇ ನಿಮ್ಮ ಮನವಿಯಲ್ಲಿ ದೋಣಿ ಇಳಿಯುವ ದಡದ ಜಾಗವನ್ನೂ ಬರೆಯಿರಿ. ರಸ್ತೆ, ರೆಸಾರ್ಟ್, ಕಲ್ಲಿನ ತಡೆಗೋಡೆ ಅಂತ ಎಲ್ಲಾ ಕಡೆ ದಡ ಕಡಿಮೆ ಆಗ್ತಾ ಇದೆ. ದೋಣಿ ಎಳೆದಿಡಲು ಜಾಗ ಇಲ್ಲದಿದ್ದರೆ 6 ಕಿಲೋಮೀಟರ್ ಕಾದು ಏನು ಮಾಡುವುದು? ದಡದಲ್ಲಿ ನೆರಳಿಗೆ ಒಂದು ಮಾಡು (ಚಾವಣಿ), ಕುಡಿಯುವ ನೀರು, ಹೆಂಗಸರಿಗೆ ಒಂದು ಶೌಚಾಲಯ. ಬೆಳಿಗ್ಗೆ ನಾಲ್ಕಕ್ಕೆ ಮನೆ ಬಿಡುವ ಅಮ್ಮ ಮಧ್ಯಾಹ್ನದ ತನಕ ನೀರು ಕುಡಿಯುವುದಿಲ್ಲ. ಯಾಕೆ ಅಂತ ನಾನು ಬಿಡಿಸಿ ಬರೆಯಬೇಕಾಗಿಲ್ಲ.

ಸಾಲದ ವಿಷಯವೂ ಇದೆ. 2023ರ ಬಜೆಟ್‌ನಲ್ಲಿ ಮೀನುಗಾರ ಮಹಿಳೆಯರ ಬಡ್ಡಿ ಇಲ್ಲದ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು. ಕೇಳಿ ಅಮ್ಮನಿಗೆ ಎಷ್ಟು ಖುಷಿಯಾಗಿತ್ತು! ಮೂರು ಸಲ ಬ್ಯಾಂಕಿಗೆ ಹೋದರು. ಒಂದೊಂದು ಸಲ ಒಂದೊಂದು ಕಾಗದ. ಮೀನು ಮಾರುವ ದಿನ ಕಳೆದುಕೊಂಡು ಹೋಗಬೇಕು. ನಾಲ್ಕನೇ ಸಲ ಹೋಗಲಿಲ್ಲ. ಮೀನುಗಾರರು ಅಂತ ಪಟ್ಟಿ ಮಾಡುವಾಗ ದೋಣಿಯಲ್ಲಿ ಹೋಗುವವರ ಹೆಸರು ಮೊದಲು ಬರುತ್ತದೆ. ಬುಟ್ಟಿ ಹೊರುವವರ ಹೆಸರೂ ಅದೇ ಪಟ್ಟಿಯಲ್ಲಿ ಇರಬೇಕು, ಗುರುತಿನ ಚೀಟಿ ಸಮೇತ.

ಕಾಸರಗೋಡಿನಿಂದ ಉತ್ತರಿಸಿದ್ದು

ಗಡಿಯಾಚೆಯಿಂದ ಒಂದು ಮಾತು ಸೇರಿಸುತ್ತೇನೆ. ಕೇರಳದಲ್ಲಿ ಮೀನಿಗೆ ಕನಿಷ್ಠ ಅಳತೆ ಇದೆ. 2015ರಲ್ಲಿ 14 ಜಾತಿಯ ಮೀನಿಗೆ ಶುರುವಾದದ್ದು ಆಮೇಲೆ 58ಕ್ಕೆ ಏರಿತು. ಬೂತಾಯಿ, ಅಂದ್ರೆ ನಿಮ್ಮ ಬೈಗೆ, 10 ಸೆಂಟಿಮೀಟರ್. ಬಂಗುಡೆ 14. ನೀವು ಲಾರಿಯಲ್ಲಿ ಅಳೆದ ಮೀನು ನಮ್ಮ ಕಡೆ ಸಿಕ್ಕಿದ್ದರೆ ದಂಡ ಬೀಳುತ್ತಿತ್ತು.

ಇದು ಸುಮ್ನೆ ಬಂದ ನಿಯಮ ಅಲ್ಲ. 2012ರಲ್ಲಿ ಕೇರಳದಲ್ಲಿ ಬೂತಾಯಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲು ಬಿಸಿಯಾದದ್ದು, ಮಳೆಯ ಏರುಪೇರು, ಎಲ್ಲ ಕಾರಣ ಇದೆ. ಆದರೆ ಮರಿಯನ್ನು ಬಾಚಿದರೆ ಚೇತರಿಸಿಕೊಳ್ಳುವುದು ಇನ್ನೂ ಕಷ್ಟ. ಅಳತೆಯ ನಿಯಮ ಎರಡೂ ರಾಜ್ಯದಲ್ಲಿ ಒಂದೇ ಇರಲಿ ಅಂತ ಬರೆಯಿರಿ. ಒಂದು ಕಡೆ ಕಟ್ಟುನಿಟ್ಟು, ಪಕ್ಕದಲ್ಲಿ ಸಡಿಲ ಅಂದ್ರೆ ಮರಿಮೀನು ಲಾರಿ ಹತ್ತಿ ಗಡಿ ದಾಟುತ್ತದೆ. ತಪಾಸಣೆ ಕಡಲಿನಲ್ಲಿ ಕಷ್ಟ, ಬಂದರಿನಲ್ಲೂ ಕಾರ್ಖಾನೆಯ ಬಾಗಿಲಲ್ಲೂ ಸುಲಭ. ಅಲ್ಲಿಂದ ಶುರು ಮಾಡಿ ಅಂತ ಕೇಳಿ.

ಕಂತಬಲೆ_ಉಪ್ಪುಂದ ಉತ್ತರಿಸಿದ್ದು

ತಂಗಿ, ನಿನ್ನ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಸುಮ್ಮನೆ ಕೂತು ಕೇಳಿ, "ನಮ್ಮಮ್ಮನೂ ನೀರು ಕುಡಿಯುತ್ತಿರಲಿಲ್ಲ" ಅಂದ. ನಮಗೆ ಅದು ಕಾಣಲೇ ಇಲ್ಲ ನೋಡು, ಇಷ್ಟು ವರ್ಷ. ದಡದ ಜಾಗದ ವಿಷಯ ಮನವಿಯ ಎರಡನೇ ಸಾಲಿಗೆ ಹಾಕಿದ್ದೇನೆ. ಪಟ್ಟಿಯಲ್ಲಿ ಹೆಂಗಸರ ಹೆಸರು ಅನ್ನುವುದನ್ನೂ.

ಕಾಸರಗೋಡಿನವರ ಸಲಹೆಯಂತೆ 10, 14 ಅಂತ ಅಂಕಿ ಸಮೇತ ಬರೆಯುತ್ತೇನೆ.

ಉಳಿತಾಯ ಮತ್ತು ಪರಿಹಾರ ಯೋಜನೆಯ ಬಗ್ಗೆ ಒಂದು ಸಾಲು ಮಾತ್ರ ಸೇರಿಸುತ್ತಿದ್ದೇನೆ. ನಾವು ಸ್ವಲ್ಪ ದುಡ್ಡು ಕಟ್ಟಿದರೆ ಸರ್ಕಾರ ತನ್ನ ಪಾಲು ಸೇರಿಸಿ, ಮೀನು ಇಲ್ಲದ ಮೂರು ತಿಂಗಳಿಗೆ ಕೊಡುತ್ತದೆ. ತಾಂಡೇಲರ ಮನೆಗೂ ನಮ್ಮ ಮನೆಗೂ ಅಷ್ಟರಲ್ಲಿ ಅಕ್ಕಿ, ಎಣ್ಣೆ ಬರುವುದಿಲ್ಲ. ನಿಷೇಧದಲ್ಲಿ ಕೂರುವ ಬೋಟಿನ ಕೆಲಸಗಾರರಿಗೂ, ನಾಡದೋಣಿಯವರಿಗೂ ಇದನ್ನು ಏರಿಸಬೇಕು ಅಂತ ಒಟ್ಟಿಗೇ ಕೇಳೋಣ. ಪರಿಹಾರ ಕೇಳುವುದಿಲ್ಲ ಅಂತ ಮೊದಲು ಹೇಳಿದ್ದೆ. ತಾಂಡೇಲರ ಮಾತು ಓದಿದ ಮೇಲೆ ಮನಸ್ಸು ಬದಲಾಯ್ತು.

ಉಳಿದದ್ದು ಗೆರೆಯ ಪ್ರಶ್ನೆ. 6 ಕಿಲೋಮೀಟರ್ ಅಂದ್ರೆ ನಮ್ಮ ನೀರಿನಲ್ಲಿ ಎಷ್ಟು ಮಾರು? ಮರವಂತೆಯ ಎದುರು ಒಂದು, ಗಂಗೊಳ್ಳಿ ಅಳಿವೆಯ ಎದುರು ಇನ್ನೊಂದು ಇರಬಹುದು. ಅದನ್ನು ಅಳೆದು ಮನವಿಯ ಜೊತೆ ಇಟ್ಟರೆ ನಮ್ಮ ಮಾತಿಗೆ ಬೆಲೆ ಬರುತ್ತದೆ ಅನ್ನಿಸುತ್ತದೆ. ನಮ್ಮ ಹತ್ತಿರ ಜಿಪಿಎಸ್ ಇಲ್ಲ. ಫೋನಿನಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಯಾರಿಗಾದರೂ ಸಹಾಯ ಮಾಡಲಾಗುತ್ತದಾ?

ತಾಂಡೇಲ_ಮಲ್ಪೆ ಉತ್ತರಿಸಿದ್ದು

ಬೋಟು ಶುಕ್ರವಾರ ಬಂದರಿಗೆ ಬರುತ್ತದೆ. ಮೂರು ದಿನ ರಜೆ. ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಜಿಪಿಎಸ್ ಇದೆ, ಶನಿವಾರ ಬೆಳಿಗ್ಗೆ ಆರಕ್ಕೆ ಉಪ್ಪುಂದದ ದಡದಲ್ಲಿ ಇರುತ್ತೇನೆ. ನಿಮ್ಮ ದೋಣಿಯಲ್ಲೇ ಹೋಗೋಣ. ಸೀಸ ಕಟ್ಟಿದ ಹಗ್ಗ ನೀವು ತನ್ನಿ, ಮಾರು ಮಾರಿಗೆ ಗಂಟು ಹಾಕಿದ್ದು. ಮಾಟುಬಲೆಯ ನಿಮ್ಮ ಚಿಕ್ಕಪ್ಪನ ಮಕ್ಕಳಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಬನ್ನಿ.